ಚಿತ್ರತುರಗ ಮತ್ತು ಗ್ರಾಫಿಕ್ಸ್: ಗಣಕಸೃಷ್ಟ ದೃಶ್ಯಗಳನ್ನು ಕುರಿತ ಪ್ರೇಕ್ಷಕರ ಅಭಿಪ್ರಾಯ – ಒಂದು ಪರಿಶೀಲನೆ

1

ಕಾವ್ಯವನ್ನು ಓದಿದ ಸಹೃದಯನ ಮನಸ್ಸಿನಲ್ಲಿ ಏನಾಗುತ್ತದೆ, ನಾಟಕವನ್ನು ನೋಡಿದ ಪ್ರೇಕ್ಷಕನಿಗೆ ಯಾವ ಬಗೆಯ ಅರಿವು ಉಂಟಾಗುತ್ತದೆ ಎಂಬ ಪ್ರಶ್ನೆಗಳನ್ನು ನಮ್ಮ ಪ್ರಾಚೀನ ಮೀಮಾಂಸಕರು ಶಾಸ್ತ್ರದ ಮಟ್ಟಕ್ಕೆ ಏರಿಸಿ ಚರ್ಚಿಸಿದ್ದಾರೆ. ಭರತನಿಂದ ಅಭಿನವಗುಪ್ತನವರೆಗೆ ಬೆಳೆದು ಬಂದ ಈ ಚರ್ಚೆಯನ್ನು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ, ಪರೀಕ್ಷೆಗಳಲ್ಲಿ ಪ್ರಶ್ನೆ ಕೇಳುತ್ತೇವೆ. ಆದರೆ ನಮ್ಮ ಕಾಲದ ಅತಿ ದೊಡ್ಡ ಪ್ರೇಕ್ಷಕಸಮೂಹವಾದ ಚಲನಚಿತ್ರ ಪ್ರೇಕ್ಷಕರು ಚಿತ್ರಮಂದಿರದಿಂದ ಹೊರಗೆ ಬರುತ್ತ ಆಡುವ ಮಾತುಗಳಿಗೂ ಈ ಶಾಸ್ತ್ರಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಕೇಳಿಕೊಂಡದ್ದು ಕಡಿಮೆ. ಅವರ ಮಾತು ಅಭಿರುಚಿಯಿಲ್ಲದವರ ಮಾತು, ಕ್ಷಣಿಕವಾದದ್ದು ಎಂಬ ಪೂರ್ವಗ್ರಹವೇ ಇದಕ್ಕೆ ಮುಖ್ಯ ಕಾರಣವಿರಬೇಕು.

ಸಾಹಸಪ್ರಧಾನ ಮತ್ತು ಅದ್ಭುತಪ್ರಧಾನ ಚಿತ್ರಗಳ ವಿಷಯದಲ್ಲಿ ಈ ಮಾತುಗಳು ಹೆಚ್ಚಾಗಿ ಒಂದೇ ಪದದ ಸುತ್ತ ತಿರುಗುತ್ತವೆ. ಆ ಪದ ‘ಗ್ರಾಫಿಕ್ಸ್’. ‘ಗ್ರಾಫಿಕ್ಸ್ ಚೆನ್ನಾಗಿದೆ’, ‘ಗ್ರಾಫಿಕ್ಸ್ ಅಂತ ಗೊತ್ತಾಗಿಬಿಡುತ್ತದೆ’, ‘ಬರೀ ಗ್ರಾಫಿಕ್ಸೇ ಆಯಿತು, ಕಥೆ ಎಲ್ಲಿ?’, ‘ವಿಡಿಯೋ ಗೇಮಿನ ಹಾಗಿದೆ’, ‘ಮೈ ಜುಮ್ಮೆಂದಿತು’ – ಇಂಥ ಮಾತುಗಳು ಬೀದರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಕೇಳಿಬರುವುದು ಸಾಮಾನ್ಯ. ಗಣಕಯಂತ್ರದ ನೆರವಿನಿಂದ ನಿರ್ಮಿಸಿದ ಅಥವಾ ತಿದ್ದಿದ ಎಲ್ಲ ದೃಶ್ಯಗಳಿಗೂ ಜನರು ಈ ಒಂದೇ ಪದವನ್ನು ಬಳಸುತ್ತಾರೆ. ಅಂಥ ದೃಶ್ಯಗಳನ್ನು ಈ ಲೇಖನದಲ್ಲಿ ‘ಗಣಕಸೃಷ್ಟ ದೃಶ್ಯ’ ಎಂದು ಕರೆಯಲಾಗಿದೆ.

ಪ್ರೇಕ್ಷಕರ ಈ ಅಭಿಪ್ರಾಯಗಳು ನಿಜವಾಗಿ ಏನನ್ನು ಹೇಳುತ್ತವೆ ಎಂಬುದನ್ನು ರಸಮೀಮಾಂಸೆಯ ಪರಿಭಾಷೆಯ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಅಂಕಿಅಂಶಗಳನ್ನು ಆಧರಿಸಿದ ಸಮೀಕ್ಷೆಯಲ್ಲ. ಸಾರ್ವಜನಿಕವಾಗಿ ವ್ಯಕ್ತವಾದ, ವಿದ್ಯಾರ್ಥಿಗಳಿಂದ ಹಾಗೂ ಸಹೋದ್ಯೋಗಿಗಳಿಂದ ಮತ್ತೆ ಮತ್ತೆ ಕೇಳಿದ ಅಭಿಪ್ರಾಯಗಳ ಮಾದರಿಗಳನ್ನು ವರ್ಗೀಕರಿಸುವ ಪ್ರಯತ್ನ ಮಾತ್ರ. ಹೈದರಾಬಾದಿನಲ್ಲಿರುವ ಕನ್ನಡ ವಿಭಾಗಕ್ಕೆ ಈ ವಿಷಯ ಹೊರಗಿನದಲ್ಲ. ಏಕೆಂದರೆ ಭಾರತದಲ್ಲಿ ಇಂಥ ಚಿತ್ರಗಳು ತಯಾರಾಗುವ ಪ್ರಮುಖ ಕೇಂದ್ರಗಳಲ್ಲಿ ಹೈದರಾಬಾದೂ ಒಂದು. ಅವುಗಳ ನಿರ್ಮಾಣದಲ್ಲಿಯೂ ಆಸ್ವಾದನೆಯಲ್ಲಿಯೂ ಕನ್ನಡಿಗರ ಪಾಲು ದೊಡ್ಡದು.

2

ಗಣಕಯಂತ್ರ ಬರುವುದಕ್ಕೆ ಬಹಳ ಮೊದಲೇ ಈ ಪ್ರದೇಶದ ಪ್ರೇಕ್ಷಕರು ಕೃತಕ ಅದ್ಭುತವನ್ನು ನೋಡುವ ಅಭ್ಯಾಸ ಪಡೆದಿದ್ದರು. 1885ರಲ್ಲಿ ಕಡಪಾ ಜಿಲ್ಲೆಯ ಸುರಭಿ ಗ್ರಾಮದಲ್ಲಿ ಆರಂಭವಾಗಿ ಮುಂದೆ ಹೈದರಾಬಾದಿನಲ್ಲಿ ನೆಲೆಗೊಂಡ ಸುರಭಿ ನಾಟಕ ಪರಂಪರೆ ರಂಗದ ಮೇಲೆ ಪಾತ್ರಗಳನ್ನು ಹಾರಿಸುವ, ಮಾಯಗೊಳಿಸುವ ತಂತ್ರಗಳಿಗೆ ಹೆಸರಾಯಿತು. ‘ಮಾಯಾಬಜಾರ್’ ಅವರ ಪ್ರಸಿದ್ಧ ನಾಟಕ. ಅದಕ್ಕೆ ಒಂದು ವರ್ಷ ಮೊದಲು, 1884ರಲ್ಲಿ, ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆಕುದುರೆಗಳನ್ನೇ ರಂಗದ ಮೇಲೆ ತಂದಿತು. ಕೃತಕವನ್ನು ನೈಜದಂತೆ ತೋರಿಸುವುದು ಒಂದು ದಾರಿ, ನೈಜವನ್ನೇ ತಂದು ಬೆರಗುಗೊಳಿಸುವುದು ಇನ್ನೊಂದು ದಾರಿ. ಎರಡೂ ಕಂಪನಿ ನಾಟಕಗಳ ಕಾಲದಲ್ಲಿಯೇ ಸಿದ್ಧವಾಗಿದ್ದುವು.

ಬಯಲಾಟ ಮತ್ತು ಯಕ್ಷಗಾನಗಳ ಪ್ರೇಕ್ಷಕನು ಮೂರನೆಯ ದಾರಿಯನ್ನು ಬಲ್ಲವನಾಗಿದ್ದ. ಅಲ್ಲಿ ರಥವಿಲ್ಲದೆಯೇ ರಥ ಓಡುತ್ತದೆ. ಒಂದು ಸುತ್ತು ಕುಣಿದರೆ ಹಸ್ತಿನಾವತಿಯಿಂದ ದ್ವಾರಕೆಗೆ ಬಂದಂತಾಗುತ್ತದೆ. ‘ಇದು ನಂಬುವ ಹಾಗಿಲ್ಲ’ ಎಂದು ಯಾವ ಪ್ರೇಕ್ಷಕನೂ ಎದ್ದು ಹೋಗುವುದಿಲ್ಲ. ಭರತನು ಹೇಳುವ ನಾಟ್ಯಧರ್ಮಿಯನ್ನು ಅವನು ಶಾಸ್ತ್ರ ಓದದೆಯೇ ಒಪ್ಪಿಕೊಂಡಿದ್ದಾನೆ. ಈ ಸಂಗತಿಯನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ. ನಮ್ಮ ಪ್ರೇಕ್ಷಕನು ಅಸತ್ಯವನ್ನು ಸಹಿಸದವನಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಚಲನಚಿತ್ರದಲ್ಲಿ ಈ ಪರಂಪರೆಯ ಶಿಖರವೆಂದರೆ ಕೆ.ವಿ. ರೆಡ್ಡಿ ನಿರ್ದೇಶಿಸಿದ ‘ಮಾಯಾಬಜಾರ್’ (1957). ಮಾರ್ಕಸ್ ಬಾರ್ಟ್ಲೆ ಅವರ ಛಾಯಾಗ್ರಹಣದಲ್ಲಿ ದ್ವಾರಕೆಯ ಚಿಕ್ಕ ಪ್ರತಿಕೃತಿ ದೊಡ್ಡ ಪಟ್ಟಣವಾಯಿತು; ಎಸ್.ವಿ. ರಂಗರಾವ್ ಅವರ ಘಟೋತ್ಕಚನ ಬಾಯಿಗೆ ಭಕ್ಷ್ಯಗಳು ತಾವಾಗಿಯೇ ಹಾರಿಬಂದುವು. ಹಿಂದಿನ ವರ್ಷವಷ್ಟೇ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯದಿಂದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡ ಪ್ರದೇಶ ಬೇರ್ಪಟ್ಟಿತ್ತು. ರಾಜ್ಯದ ಗಡಿ ಬದಲಾದರೂ ಗಡಿಭಾಗದ ಪ್ರೇಕ್ಷಕರು ತೆಲುಗು ಚಿತ್ರ ನೋಡುವುದನ್ನು ಬಿಡಲಿಲ್ಲ. ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977) ಚಿತ್ರದಲ್ಲಿ ರಾಜಕುಮಾರ್ ಅವರು ಅರ್ಜುನನಾಗಿಯೂ ಬಬ್ರುವಾಹನನಾಗಿಯೂ ತಮಗೆ ತಾವೇ ಎದುರು ನಿಂತಾಗ, ಒಂದೇ ಚಿತ್ರಪಟ್ಟಿಕೆಯನ್ನು ಭಾಗಮಾಡಿ ಬೆಳಕಿಗೆ ಒಡ್ಡಿದ ತಂತ್ರವನ್ನು ಯಾರೂ ಹುಡುಕಲಿಲ್ಲ. ತಂದೆಮಕ್ಕಳ ಸಂಘರ್ಷವನ್ನು ಕಂಡರು.

ತೆಲುಗು ಚಿತ್ರರಂಗದಲ್ಲಿ ಗಣಕಯಂತ್ರದ ದೃಶ್ಯಗಳನ್ನು ಜನಸಾಮಾನ್ಯರ ಮಾತಿಗೆ ತಂದ ಚಿತ್ರ ಕೋಡಿ ರಾಮಕೃಷ್ಣ ಅವರ ‘ಅಮ್ಮೋರು’ (1995). ಅದರ ನಾಯಕಿ ಕನ್ನಡತಿ ಸೌಂದರ್ಯ. ಅದೇ ನಿರ್ದೇಶಕರ ‘ಅರುಂಧತಿ’ (2009) ಚಿತ್ರದ ನಾಯಕಿ ಮಂಗಳೂರಿನ ಅನುಷ್ಕಾ ಶೆಟ್ಟಿ. 1996ರಲ್ಲಿ ರಾಮೋಜಿ ಫಿಲಂ ಸಿಟಿ ಹೈದರಾಬಾದಿನ ಹೊರವಲಯದಲ್ಲಿ ಆರಂಭವಾಯಿತು. ಎಸ್.ಎಸ್. ರಾಜಮೌಳಿ ಅವರ ‘ಈಗ’ (2012), ‘ಬಾಹುಬಲಿ’ಯ ಎರಡು ಭಾಗಗಳು (2015, 2017) ಹಾಗೂ ‘ಆರ್‌ಆರ್‌ಆರ್’ (2022) ಈ ಕ್ಷೇತ್ರದ ಅಳತೆಯನ್ನೇ ಬದಲಿಸಿದುವು. ಈ ನಿರ್ದೇಶಕರು 1973ರಲ್ಲಿ ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ. 2018ರ ಚಿತ್ರಗಳಿಗೆ ನೀಡಿದ ರಾಷ್ಟ್ರಪ್ರಶಸ್ತಿಗಳಲ್ಲಿ ದೃಶ್ಯಪರಿಣಾಮದ ಪ್ರಶಸ್ತಿಯನ್ನು ತೆಲುಗಿನ ‘ಅ!’ ಮತ್ತು ಕನ್ನಡದ ‘ಕೆ.ಜಿ.ಎಫ್.’ ಚಿತ್ರಗಳು ಹಂಚಿಕೊಂಡುವು. ಹೀಗೆ ಎರಡು ಭಾಷೆಗಳ ಪ್ರೇಕ್ಷಕರು ಈ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ಪಾಠಶಾಲೆಯಲ್ಲಿ ಕಲಿತವರು.

3

ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಶಂಕುಕನ ‘ಚಿತ್ರತುರಗನ್ಯಾಯ’ ಅಪರಿಚಿತವಲ್ಲ. ನಟನನ್ನು ನೋಡಿ ‘ಇವನು ರಾಮ’ ಎಂದು ತಿಳಿಯುವ ಪ್ರೇಕ್ಷಕನ ಅರಿವು ಯಾವ ಬಗೆಯದು? ಅದು ಸಮ್ಯಕ್ ಜ್ಞಾನವಲ್ಲ, ಏಕೆಂದರೆ ನಟನು ರಾಮನಲ್ಲ. ಮಿಥ್ಯಾಜ್ಞಾನವೂ ಅಲ್ಲ, ಏಕೆಂದರೆ ಪ್ರೇಕ್ಷಕನು ಮೋಸಹೋಗಿಲ್ಲ. ‘ರಾಮನೋ ಅಲ್ಲವೋ’ ಎಂಬ ಸಂಶಯವೂ ಅಲ್ಲ, ‘ರಾಮನ ಹಾಗಿದ್ದಾನೆ’ ಎಂಬ ಸಾದೃಶ್ಯವೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಉಂಟಾಗುವಂಥ, ಈ ನಾಲ್ಕಕ್ಕಿಂತಲೂ ಬೇರೆಯಾದ ಅರಿವು ಅದು. ಶಂಕುಕನ ರಸಾನುಮಿತಿವಾದವನ್ನು ಮುಂದಿನವರು ಖಂಡಿಸಿದರು. ಆದರೂ ಕಲಾಪ್ರತೀತಿಯ ವೈಲಕ್ಷಣ್ಯವನ್ನು ಗುರುತಿಸಿದ ಈ ದೃಷ್ಟಾಂತದ ಬೆಲೆ ಕುಂದಿಲ್ಲ.

ಗಣಕಸೃಷ್ಟ ದೃಶ್ಯವೆಂದರೆ ಚಲಿಸುವ ಚಿತ್ರತುರಗ. ನಟನನ್ನು ನೀಲಿ ಅಥವಾ ಹಸಿರು ಪರದೆಯ ಮುಂದೆ ನಿಲ್ಲಿಸಿ ಚಿತ್ರಿಸಿಕೊಳ್ಳುತ್ತಾರೆ. ಆ ಬಣ್ಣವನ್ನು ತೆಗೆದುಹಾಕಿ ಅದರ ಸ್ಥಳದಲ್ಲಿ ಬೆಟ್ಟವನ್ನೋ ಕೋಟೆಯನ್ನೋ ಜೋಡಿಸುತ್ತಾರೆ. ಪ್ರಾಣಿಯ ಆಕಾರವನ್ನು ಗಣಕದಲ್ಲಿ ರಚಿಸಿ, ಅದಕ್ಕೆ ಮೂಳೆಯ ಕಟ್ಟು, ಚರ್ಮ, ರೋಮ, ಚಲನೆಗಳನ್ನು ಒಂದೊಂದಾಗಿ ಸೇರಿಸಿ, ಕೊನೆಗೆ ಬೆಳಕು ನೆರಳುಗಳನ್ನು ಲೆಕ್ಕಹಾಕುತ್ತಾರೆ. ನಟನ ಮೇಲೆ ಬಿದ್ದ ಬೆಳಕು ಎಡದಿಂದ ಬಂದಿದ್ದು ಪ್ರಾಣಿಯ ನೆರಳೂ ಎಡಕ್ಕೇ ಬಿದ್ದರೆ, ಕಾಲಿಟ್ಟ ಕಡೆ ಧೂಳೇಳದಿದ್ದರೆ, ಭಾರವಾದ ದೇಹ ಹಗುರವಾಗಿ ನೆಗೆದರೆ ಪ್ರೇಕ್ಷಕನ ಕಣ್ಣು ಕೂಡಲೇ ಗುರುತಿಸುತ್ತದೆ. ಕಾರಣ ಹೇಳಲು ಅವನಿಗೆ ಬಾರದೆ ಇರಬಹುದು. ‘ಯಾಕೋ ಗೊಂಬೆಯ ಹಾಗಿದೆ’ ಎಂದಷ್ಟೇ ಹೇಳುತ್ತಾನೆ. ಜಪಾನಿನ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿ ಯಂತ್ರಮಾನವರನ್ನು ಕುರಿತು ಬರೆಯುತ್ತ, ಕೃತಕ ರೂಪವು ಮನುಷ್ಯನಿಗೆ ತೀರ ಹತ್ತಿರ ಬಂದಾಗ ಉಳಿದ ಅಲ್ಪ ವ್ಯತ್ಯಾಸವೇ ನೋಡುವವನಲ್ಲಿ ಕಳವಳ ಹುಟ್ಟಿಸುತ್ತದೆ ಎಂದು ಸೂಚಿಸಿದ. ಮನುಷ್ಯಮುಖದ ವಿಷಯದಲ್ಲಿ ಪ್ರೇಕ್ಷಕರು ತೀರ ಕಟುವಾಗಿರುವುದಕ್ಕೆ ಇದು ವಿವರಣೆಯಾಗಬಲ್ಲದು.

ಆದರೆ ಕಣ್ಣಿನ ತೃಪ್ತಿಯೊಂದರಿಂದಲೇ ನಂಬಿಕೆ ಹುಟ್ಟುವುದಾಗಿದ್ದರೆ ಬಯಲಾಟದ ರಥ ಓಡುತ್ತಿರಲಿಲ್ಲ. ಇಲ್ಲಿ ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ಹೇಳುವ ಏಳು ರಸವಿಘ್ನಗಳು ನೆರವಿಗೆ ಬರುತ್ತವೆ. ರಸವೆಂಬುದು ವಿಘ್ನರಹಿತವಾದ ಪ್ರತೀತಿ. ಆದ್ದರಿಂದ ಆ ಪ್ರತೀತಿಗೆ ಏನೇನು ಅಡ್ಡಿಯಾಗುತ್ತದೆ ಎಂದು ಅವನು ಎಣಿಸುತ್ತಾನೆ. ಪ್ರೇಕ್ಷಕರ ದೂರುಗಳೆಂದರೆ ತಮಗೆ ಎದುರಾದ ಅಡ್ಡಿಗಳ ವರದಿಗಳೇ. ಹೀಗಾಗಿ ಎರಡನ್ನೂ ಒಂದರ ಪಕ್ಕ ಒಂದನ್ನಿಟ್ಟು ನೋಡುವುದು ಸಾಧುವೆನಿಸುತ್ತದೆ.

4

ಮೊದಲನೆಯದು ಸಂಭಾವನಾವಿರಹ, ಅಂದರೆ ‘ಹೀಗಾಗುವುದು ಸಾಧ್ಯ’ ಎಂಬ ಭಾವನೆಯ ಅಭಾವ. ‘ಇಂಥದ್ದು ಎಲ್ಲಾದರೂ ಉಂಟೇ?’ ಎಂಬ ಮಾತು ಇದರ ಕನ್ನಡ ರೂಪ. ‘ಬಾಹುಬಲಿ’ಯ ಮೊದಲ ಭಾಗದಲ್ಲಿ ನಾಯಕನು ಶಿವಲಿಂಗವನ್ನು ಹೆಗಲ ಮೇಲೆ ಹೊತ್ತು ಜಲಪಾತದ ಕೆಳಗೆ ತಂದಿಡುತ್ತಾನೆ. ಎರಡನೆಯ ಭಾಗದ ಕೊನೆಯಲ್ಲಿ ಬಗ್ಗಿಸಿದ ತಾಳೆಮರಗಳ ನೆರವಿನಿಂದ ಸೈನಿಕರು ಕೋಟೆಗೋಡೆಯ ಮೇಲೆ ಹಾರಿಬೀಳುತ್ತಾರೆ. ಎರಡೂ ಲೋಕದಲ್ಲಿ ಅಸಂಭವ. ಆದರೂ ಮೊದಲನೆಯದನ್ನು ಕಂಡು ಕೈಮುಗಿದವರಲ್ಲಿಯೇ ಎಷ್ಟೋ ಮಂದಿ ಎರಡನೆಯದನ್ನು ಕಂಡು ನಕ್ಕರು. ಕಾರಣವನ್ನು ಹೀಗೆ ಊಹಿಸಬಹುದು. ಲಿಂಗವನ್ನು ಹೊರುವ ಕ್ರಿಯೆಗೆ ಚಿತ್ರವು ಯಾವ ಯಾಂತ್ರಿಕ ಕಾರಣವನ್ನೂ ಕೊಡುವುದಿಲ್ಲ; ತಾಯಿಯ ಕಷ್ಟವನ್ನು ನೋಡಲಾರದ ಮಗನ ಭಾವವೇ ಅಲ್ಲಿ ಕಾರಣ. ತಾಳೆಮರದ ದೃಶ್ಯವಾದರೋ ತನ್ನನ್ನು ಒಂದು ಯುಕ್ತಿಯೆಂದು, ಯುದ್ಧತಂತ್ರವೆಂದು ಪರಿಚಯಿಸಿಕೊಳ್ಳುತ್ತದೆ. ಯುಕ್ತಿಯ ಹೆಸರು ಹೇಳಿದ್ದನ್ನು ಪ್ರೇಕ್ಷಕನು ಯುಕ್ತಿಯಿಂದಲೇ ತೂಗುತ್ತಾನೆ. ಭಾವದ ಹೆಸರು ಹೇಳಿದ್ದನ್ನು ಭಾವದಿಂದ ಅಳೆಯುತ್ತಾನೆ. ಯಾವ ತಕ್ಕಡಿಯನ್ನು ಹಿಡಿಯಬೇಕೆಂಬುದನ್ನು ಚಿತ್ರವೇ ಅವನಿಗೆ ಸೂಚಿಸುತ್ತದೆ.

ಎರಡನೆಯ ವಿಘ್ನ ತನ್ನದು–ಪರರದು ಎಂಬ ನಿಯಮದಿಂದ ದೇಶಕಾಲವಿಶೇಷದಲ್ಲಿ ಸಿಕ್ಕಿಕೊಳ್ಳುವುದು. ‘ನಮ್ಮ ಭಾಷೆಯವರೂ ಹಾಲಿವುಡ್ ಮಟ್ಟಕ್ಕೆ ಬಂದರು’, ‘ಅವರ ಬಂಡವಾಳ ನಮಗಿದ್ದಿದ್ದರೆ ನಾವೂ ಮಾಡುತ್ತಿದ್ದೆವು’ ಎಂಬ ಮಾತುಗಳು ಇದರಿಂದ ಹುಟ್ಟಿದವು. ಇವು ಚಿತ್ರವನ್ನು ಕುರಿತ ಮಾತುಗಳಲ್ಲ. ನಾಡಿನ ಅಭಿಮಾನವನ್ನು ಕುರಿತ ಮಾತುಗಳು. ಕನ್ನಡ ಪ್ರೇಕ್ಷಕನು ದಶಕಗಳ ಕಾಲ ಅನ್ಯಭಾಷೆಗಳಲ್ಲಿಯೇ ಇಂಥ ಚಿತ್ರಗಳನ್ನು ನೋಡಿದವನು. 2015ರಲ್ಲಿ ‘ಬಾಹುಬಲಿ’ ಕರ್ನಾಟಕದಲ್ಲಿ ತೆರೆಕಂಡಾಗ ಅದಕ್ಕೆ ಕನ್ನಡದ ಧ್ವನಿಯಿರಲಿಲ್ಲ; 2022ರಲ್ಲಿ ‘ಆರ್‌ಆರ್‌ಆರ್’ ಕನ್ನಡದಲ್ಲಿಯೂ ಬಂದಿತು. ಹೋಲಿಕೆಯ ಒಳನೋವು ಅವನ ಅಭಿಪ್ರಾಯದಲ್ಲಿ ಬೆರೆತಿರುವುದು ಸಹಜ. ಆದರೆ ಅಧ್ಯಯನ ಮಾಡುವವರು ಅದನ್ನು ಬೇರ್ಪಡಿಸಿ ನೋಡಬೇಕು.

ಮೂರನೆಯದು ನಿಜಸುಖಾದಿವಿವಶೀಭಾವ; ಪ್ರೇಕ್ಷಕನು ತನ್ನದೇ ಸುಖದುಃಖಗಳಿಗೆ ವಶನಾಗುವುದು. ಇದಕ್ಕೆ ಕನ್ನಡದಲ್ಲಿಯೇ ಅಪೂರ್ವವಾದ ಉದಾಹರಣೆಯಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಿಂದ ನಾಯಕನಾಗಿ ಬೆಳಗಿದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾದರು. 2016ರಲ್ಲಿ ಅದೇ ಹೆಸರಿನ ಬೇರೊಂದು ಚಿತ್ರದಲ್ಲಿ ಅವರ ರೂಪವನ್ನು ಗಣಕದ ಮೂಲಕ ಮತ್ತೆ ತೆರೆಗೆ ತರಲಾಯಿತು. ನಿರ್ದೇಶಕರು ‘ಅಮ್ಮೋರು’ ಖ್ಯಾತಿಯ ಕೋಡಿ ರಾಮಕೃಷ್ಣ ಅವರೇ. ಆ ರೂಪವನ್ನು ಕಂಡು ಕಣ್ಣೀರಿಟ್ಟ ಅಭಿಮಾನಿಗೆ ‘ಗ್ರಾಫಿಕ್ಸ್ ಹೇಗಿತ್ತು?’ ಎಂಬ ಪ್ರಶ್ನೆಯೇ ಅಸಂಗತ. ಅವನ ಕಣ್ಣೀರು ಕಥೆಯ ಕರುಣರಸದ್ದಲ್ಲ, ಅಗಲಿಕೆಯ ಲೌಕಿಕ ಶೋಕದ್ದು. ಇದೇ ದೃಶ್ಯವನ್ನು ನೋಡಿ ‘ಮುಖದಲ್ಲಿ ಜೀವವಿಲ್ಲ’ ಎಂದವನೂ, ‘ಸತ್ತವರನ್ನು ಹೀಗೆ ಕುಣಿಸಬಹುದೇ’ ಎಂದು ಕೇಳಿದವನೂ ಅಷ್ಟೇ ಸತ್ಯವನ್ನು ಹೇಳಿದ್ದಾರೆ. ಮೂವರ ಅಭಿಪ್ರಾಯಗಳನ್ನು ಕೂಡಿಸಿ ಸರಾಸರಿ ತೆಗೆದರೆ ಮೂವರಿಗೂ ಅನ್ಯಾಯವಾಗುತ್ತದೆ.

ನಾಲ್ಕನೆಯ ಮತ್ತು ಐದನೆಯ ವಿಘ್ನಗಳು ಪ್ರತೀತ್ಯುಪಾಯವೈಕಲ್ಯ ಹಾಗೂ ಸ್ಫುಟತ್ವಾಭಾವ. ‘ಗ್ರಾಫಿಕ್ಸ್ ಅಂತ ಗೊತ್ತಾಗುತ್ತದೆ’ ಎಂಬುದು ಉಪಾಯದ ದೋಷವನ್ನು ಹೇಳುವ ಮಾತು. ‘ಕತ್ತಲೆಯಲ್ಲಿ ಏನು ನಡೆಯಿತೋ ತಿಳಿಯಲಿಲ್ಲ’ ಎಂಬುದು ಅಸ್ಫುಟತೆಯನ್ನು ಹೇಳುವ ಮಾತು. ಉಪಾಯದ ದೋಷವನ್ನು ಮುಚ್ಚಲು ರಾತ್ರಿ, ಮಳೆ, ಧೂಳುಗಳನ್ನು ತುಂಬಿದಾಗ ಒಂದು ವಿಘ್ನ ಹೋಗಿ ಇನ್ನೊಂದು ಬರುತ್ತದೆ. ಈ ಎರಡಕ್ಕೂ ಅಭಿನವಗುಪ್ತನು ಹೇಳುವ ಪರಿಹಾರ ಅಭಿನಯ. ‘ಈಗ’ ಚಿತ್ರ ಇದಕ್ಕೆ ಉತ್ತಮ ನಿದರ್ಶನ. ಕೊಲೆಯಾದ ಯುವಕ ನೊಣವಾಗಿ ಹುಟ್ಟಿ ಕೊಲೆಗಾರನ ಮೇಲೆ ಸೇಡು ತೀರಿಸಿಕೊಳ್ಳುವ ಕಥೆ ಅದು. ಮಾತಿಲ್ಲದ, ಮನುಷ್ಯಮುಖವಿಲ್ಲದ ಆ ನೊಣ ಚಿತ್ರೀಕರಣದ ಸಮಯದಲ್ಲಿ ಅಲ್ಲಿ ಇರಲೇ ಇಲ್ಲ. ಕನ್ನಡದ ನಟ ಸುದೀಪ್ ಶೂನ್ಯವನ್ನು ನೋಡುತ್ತ, ಶೂನ್ಯಕ್ಕೆ ಕೈಬೀಸುತ್ತ, ಶೂನ್ಯಕ್ಕೆ ಹೆದರಿದರು. ಪ್ರೇಕ್ಷಕನು ನೊಣವನ್ನು ನಂಬಿದ್ದು ನೊಣದ ರೆಕ್ಕೆಯ ಸೂಕ್ಷ್ಮತೆಯಿಂದ ಎಷ್ಟೋ, ಆ ನಟನ ಕಣ್ಣಿನಲ್ಲಿ ಕಂಡ ಭಯದಿಂದ ಅಷ್ಟೇ. ನೊಣವು ವಿಭಾವ, ಆ ಭಯದ ಚರ್ಯೆಗಳು ಅನುಭಾವ. ಗಣಕವು ವಿಭಾವವನ್ನು ಒದಗಿಸೀತು. ಅನುಭಾವವಿಲ್ಲದೆ ಅದು ಕುರುಡು.

ಆರನೆಯದು ಅಪ್ರಧಾನತೆ. ಗೌಣವಾದುದು ಮುಂದೆ ಬಂದು ಪ್ರಧಾನವಾದುದು ಹಿಂದೆ ಸರಿಯುವ ದೋಷ. ‘ಬರೀ ಗ್ರಾಫಿಕ್ಸೇ ಆಯಿತು’ ಎಂಬ ಸಾಮಾನ್ಯ ಪ್ರೇಕ್ಷಕನ ಮಾತು ಇದನ್ನು ಯಾವ ಪಾರಿಭಾಷಿಕ ಪದವೂ ಇಲ್ಲದೆ ಹೇಳಿ ಮುಗಿಸುತ್ತದೆ. ವರ್ಣನೆಗಾಗಿಯೇ ವರ್ಣನೆ ಬೆಳೆದು ಕಥೆ ಸೊರಗಿದ ಕಾವ್ಯಗಳನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ದೋಷದ ಪರಿಚಯ ಚೆನ್ನಾಗಿಯೇ ಇದೆ. ಅಷ್ಟಾದಶವರ್ಣನೆಗಳನ್ನು ತುಂಬಲೇಬೇಕೆಂದು ಹೊರಟ ಕವಿಗೂ ಗಣಕದ ಸಾಮರ್ಥ್ಯವನ್ನೆಲ್ಲ ತೋರಿಸಲೇಬೇಕೆಂದು ಹೊರಟ ನಿರ್ದೇಶಕನಿಗೂ ಹೆಚ್ಚಿನ ಅಂತರವಿಲ್ಲ.

ಏಳನೆಯದು ಸಂಶಯಯೋಗ. ಅಭಿನವಗುಪ್ತನಿಗೆ ಇದು ಕಣ್ಣೀರಿನಂಥ ಅನುಭಾವ ಯಾವ ಸ್ಥಾಯಿಯದು ಎಂಬ ಸಂಶಯ. ಇಂದಿನ ಪ್ರೇಕ್ಷಕನಲ್ಲಿ ಇದಕ್ಕೆ ಹೊಸದೊಂದು ರೂಪ ಸೇರಿದೆ: ‘ಇದು ನಿಜವಾಗಿ ಮಾಡಿದ್ದೋ, ಗ್ರಾಫಿಕ್ಸೋ?’ ಇದರ ದುಷ್ಪರಿಣಾಮವೆಂದರೆ, ಸಾಹಸಕಲಾವಿದನೊಬ್ಬನು ಪ್ರಾಣವನ್ನು ಪಣಕ್ಕಿಟ್ಟು ಮಾಡಿದ ಸಾಹಸವನ್ನೂ ‘ಗ್ರಾಫಿಕ್ಸ್ ಇರಬೇಕು’ ಎಂದು ತಳ್ಳಿಹಾಕುವುದು. ಕೃತಕವು ನೈಜದಂತೆ ಕಾಣುವ ಕಾಲದಲ್ಲಿ ನೈಜವೂ ಕೃತಕದಂತೆ ಕಾಣತೊಡಗುತ್ತದೆ.

5

ಈ ವರ್ಗೀಕರಣ ಎಲ್ಲೆಡೆ ಸಲೀಸಾಗಿ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಲೋಕಸಾಮಾನ್ಯವಲ್ಲದ ಕ್ರಿಯೆಗಳನ್ನು ಪ್ರೇಕ್ಷಕನು ನಂಬಬೇಕಾದರೆ ರಾಮಾದಿಗಳಂತಹ ಪ್ರಖ್ಯಾತ ನಾಯಕರ ಹೆಸರನ್ನು ಆಶ್ರಯಿಸಬೇಕು ಎಂದು ಅಭಿನವಗುಪ್ತನು ಹೇಳುತ್ತಾನೆ. ತಲೆತಲಾಂತರದ ಪ್ರಸಿದ್ಧಿಯಿಂದ ಬೇರೂರಿದ ನಂಬಿಕೆ ಅಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ‘ಮಾಯಾಬಜಾರ್’ ಚಿತ್ರದ ಮಟ್ಟಿಗೆ ಇದು ಸರಿ. ಹಾಗಿದ್ದರೆ ರಾಮಕಥೆಯನ್ನೇ ವಸ್ತುವಾಗುಳ್ಳ ‘ಆದಿಪುರುಷ್’ ಚಿತ್ರಕ್ಕೆ ಏಕೆ ಅಷ್ಟು ಪ್ರತಿಕೂಲ ಅಭಿಪ್ರಾಯ ಬಂದಿತು?

ಆ ಚಿತ್ರದ ಮೊದಲ ತುಣುಕನ್ನು 2022ರ ಅಕ್ಟೋಬರ್ 2ರಂದು ಅಯೋಧ್ಯೆಯಲ್ಲಿ ಬಿಡುಗಡೆ ಮಾಡಲಾಯಿತು. ದೃಶ್ಯಗಳು ಮಕ್ಕಳ ಕಾರ್ಟೂನಿನಂತಿವೆ ಎಂಬ ಟೀಕೆ ದೇಶದಾದ್ಯಂತ ಕೇಳಿಬಂದಿತು. 2023ರ ಜನವರಿಗೆ ನಿಗದಿಯಾಗಿದ್ದ ಬಿಡುಗಡೆಯನ್ನು ಜೂನ್ 16ಕ್ಕೆ ಮುಂದೂಡಿ ದೃಶ್ಯಗಳನ್ನು ತಿದ್ದಲಾಯಿತು. ಪ್ರೇಕ್ಷಕರ ಮಾತಿನಿಂದ ಗಣಕಸೃಷ್ಟ ರೂಪ ಬದಲಾದದ್ದು ಅದೇ ಮೊದಲಲ್ಲ. ಅಮೆರಿಕದ ‘ಸೋನಿಕ್’ ಚಿತ್ರದ ಮುಖ್ಯ ಪ್ರಾಣಿಪಾತ್ರವನ್ನು 2019ರಲ್ಲಿ ಪ್ರೇಕ್ಷಕರು ತಿರಸ್ಕರಿಸಿದಾಗ ಅದರ ರೂಪವನ್ನೇ ಮತ್ತೆ ರಚಿಸಿ 2020ರಲ್ಲಿ ಚಿತ್ರವನ್ನು ತೆರೆಗೆ ತಂದರು. ಆ ಚಿತ್ರ ಗೆದ್ದಿತು. ‘ಆದಿಪುರುಷ್’ ಗೆಲ್ಲಲಿಲ್ಲ. ಐನೂರು ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚದ ಚಿತ್ರವೆಂದು ವರದಿಯಾಗಿದ್ದರೂ ಪ್ರೇಕ್ಷಕರ ಆಕ್ಷೇಪ ನಿಲ್ಲಲಿಲ್ಲ. ಏಳು ತಿಂಗಳ ಬಳಿಕ, 2024ರ ಜನವರಿ 12ರಂದು, ಹೈದರಾಬಾದಿನ ಪ್ರಶಾಂತ್ ವರ್ಮಾ ಅವರ ‘ಹನುಮಾನ್’ ಬಂದಿತು. ಅದರ ವೆಚ್ಚ ‘ಆದಿಪುರುಷ್’ ಚಿತ್ರದ ಒಂದು ಚಿಕ್ಕ ಅಂಶ. ಪ್ರೇಕ್ಷಕರು ತಾವಾಗಿಯೇ ಎರಡನ್ನೂ ಹೋಲಿಸಿ ಎರಡನೆಯದನ್ನು ಮೆಚ್ಚಿದರು.

ಪ್ರಖ್ಯಾತಿಯ ತತ್ತ್ವಕ್ಕೆ ಇಲ್ಲೊಂದು ತಿದ್ದುಪಡಿ ಬೇಕೆನಿಸುತ್ತದೆ. ಪ್ರಖ್ಯಾತಿಯು ಘಟನೆಯನ್ನು ನಂಬಿಸುತ್ತದೆ, ರೂಪವನ್ನು ಕ್ಷಮಿಸುವುದಿಲ್ಲ. ಹನುಮಂತನು ಕಡಲನ್ನು ದಾಟಿದನೆಂಬುದರಲ್ಲಿ ಪ್ರೇಕ್ಷಕನಿಗೆ ಸಂದೇಹವಿಲ್ಲ. ಆದರೆ ಹನುಮಂತನು ಹೇಗಿರುತ್ತಾನೆ ಎಂಬುದು ಅವನಿಗೆ ಮೊದಲೇ ಗೊತ್ತು. ದೇವಾಲಯದ ಶಿಲ್ಪ, ಮನೆಯ ಗೋಡೆಯ ಪಟ, ಬಯಲಾಟದ ವೇಷ, ಎನ್.ಟಿ. ರಾಮರಾವ್ ಮತ್ತು ರಾಜಕುಮಾರ್ ಅವರ ಪೌರಾಣಿಕ ಪಾತ್ರಗಳು ಸೇರಿ ಆ ರೂಪವನ್ನು ಅವನ ಮನಸ್ಸಿನಲ್ಲಿ ಕಟ್ಟಿವೆ. ಅದಕ್ಕೆ ವಿರುದ್ಧವಾದ ರೂಪ ತೆರೆಯ ಮೇಲೆ ಬಂದಾಗ ಅವನು ‘ಗ್ರಾಫಿಕ್ಸ್ ಸರಿಯಿಲ್ಲ’ ಎನ್ನುತ್ತಾನೆ. ಅವನ ಮಾತಿನ ಅರ್ಥ ಗಣಕದ ಕೆಲಸ ಕೆಟ್ಟದ್ದೆಂದಲ್ಲ; ‘ಇವನು ನನ್ನ ರಾಮನಲ್ಲ’ ಎಂದು. ‘ಹನುಮಾನ್’ ಚಿತ್ರವಾದರೋ ದೈವವನ್ನು ಬಹುಭಾಗ ಹಿನ್ನೆಲೆಯಲ್ಲಿಟ್ಟು ಹಳ್ಳಿಯ ಹುಡುಗನೊಬ್ಬನ ಕಥೆಯನ್ನು ಮುಂದಿಟ್ಟಿತು. ಹೀಗಾಗಿ ಕಲ್ಪನೆಯ ರೂಪಕ್ಕೂ ತೆರೆಯ ರೂಪಕ್ಕೂ ಘರ್ಷಣೆ ಒದಗಲಿಲ್ಲ.

‘ಆದಿಪುರುಷ್’ ಚಿತ್ರದ ತುಣುಕು ಬರುವ ಎರಡು ದಿನ ಮೊದಲು, 2022ರ ಸೆಪ್ಟೆಂಬರ್ 30ರಂದು, ಕನ್ನಡದಲ್ಲಿ ‘ಕಾಂತಾರ’ ಬಿಡುಗಡೆಯಾಗಿತ್ತು. ಅದರ ಕೊನೆಯ ಭಾಗದಲ್ಲಿ ದೈವಾವೇಶವನ್ನು ತೋರಿಸುವಾಗ ಆಸರೆಯಾದದ್ದು ಮುಖ್ಯವಾಗಿ ನಟನ ದೇಹ, ಮುಖವರ್ಣಿಕೆ, ಧ್ವನಿ. ಭೂತಕೋಲವನ್ನು ಎಂದೂ ಕಾಣದ ಹೈದರಾಬಾದಿನ ತೆಲುಗು ಪ್ರೇಕ್ಷಕರೂ ಅದನ್ನು ಒಪ್ಪಿದರು. ದೈವವನ್ನು ತೋರಿಸುವ ಎರಡು ಬಗೆಗಳು ಒಂದೇ ವಾರದಲ್ಲಿ ಪ್ರೇಕ್ಷಕರ ಮುಂದೆ ಬಂದುವು. ಅವರು ಕೊಟ್ಟ ತೀರ್ಪು ಬಂಡವಾಳದ ಪ್ರಮಾಣವನ್ನು ಅನುಸರಿಸಲಿಲ್ಲ. ಗಣಕತಂತ್ರವೇ ಬೇಡವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ‘ಈಗ’ ಚಿತ್ರವು ಗಣಕವಿಲ್ಲದೆ ಹುಟ್ಟುವಂತೆಯೇ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿರುವಂತಿಲ್ಲ. ‘ಆದಿಪುರುಷ್’ ಬಿಡುಗಡೆಯಾದ ದಿನವೇ ಹೈದರಾಬಾದಿನ ಪ್ರಸಾದ್ಸ್ ಚಿತ್ರಮಂದಿರದ ಬಳಿ, ದೃಶ್ಯಗಳು ವಿಡಿಯೋ ಗೇಮಿನಂತಿವೆ ಎಂದು ಸುದ್ದಿಗಾರರ ಮುಂದೆ ಹೇಳಿದ ಪ್ರೇಕ್ಷಕನೊಬ್ಬನ ಮೇಲೆ ಕೆಲವರು ಕೈಮಾಡಿದರೆಂದು ಪತ್ರಿಕೆಗಳು ವರದಿಮಾಡಿದುವು. ಅಭಿಪ್ರಾಯವು ಕ್ಷುಲ್ಲಕವಾದ ವಸ್ತುವಾಗಿದ್ದರೆ ಅದಕ್ಕಾಗಿ ಯಾರೂ ಕೈಯೆತ್ತುತ್ತಿರಲಿಲ್ಲ. ನಟನ ಗುರುತನ್ನು ಕಿರೀಟ, ವೇಷಗಳಿಂದ ಮರೆಸಿದರೆ ಎರಡನೆಯ ವಿಘ್ನ ನಿವಾರಣೆಯಾಗುತ್ತದೆ ಎಂದು ಅಭಿನವಗುಪ್ತನು ಹೇಳಿದ್ದ. ತಾರಾಪದ್ಧತಿಯಲ್ಲಿ ವೇಷ ಎಷ್ಟೇ ದಟ್ಟವಾಗಿದ್ದರೂ ನಟನೇ ಮೇಲೆ ನಿಲ್ಲುತ್ತಾನೆ. ಆಗ ದೃಶ್ಯವನ್ನು ಕುರಿತ ಟೀಕೆಯೂ ನಟನಿಗೆ ಮಾಡಿದ ಅವಮಾನವಾಗಿ ಕೇಳಿಸುತ್ತದೆ. ವಿಮರ್ಶೆಯ ಹಕ್ಕು ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಟಿಕೆಟು ಕೊಂಡು ಒಳಗೆ ಹೋದ ಪ್ರತಿಯೊಬ್ಬನಿಗೂ ಅದು ಸೇರಿದ್ದು.

6

ಮೇಲಿನ ಪರಿಶೀಲನೆಯಿಂದ ಮುಖ್ಯವಾಗಿ ಒಂದು ಅಂಶ ಹೊರಪಡುತ್ತದೆ. ‘ಗ್ರಾಫಿಕ್ಸ್ ಸರಿಯಿಲ್ಲ’ ಎಂಬ ಒಂದೇ ವಾಕ್ಯದ ಹಿಂದೆ ಕಡಿಮೆಯೆಂದರೆ ಏಳು ಬೇರೆ ಬೇರೆ ಅಸಮಾಧಾನಗಳಿರಬಹುದು; ಅವುಗಳಲ್ಲಿ ಒಂದೆರಡು ಮಾತ್ರ ನಿಜವಾಗಿ ಗಣಕಕ್ಕೆ ಸಂಬಂಧಿಸಿದವು. ಪ್ರೇಕ್ಷಕನು ಬೇಡುವುದು ವಾಸ್ತವದ ನಕಲನ್ನಲ್ಲ. ಚಿತ್ರವು ತಾನೇ ಹಾಕಿಕೊಟ್ಟ ಅಳತೆಯನ್ನು ಕೊನೆಯವರೆಗೆ ಕಾಪಾಡಬೇಕೆಂದು ಅವನು ಬೇಡುತ್ತಾನೆ. ಬಯಲಾಟವು ಆ ಅಳತೆಯನ್ನು ಮೊದಲೇ ಹೇಳಿ ಉಳಿಸಿಕೊಳ್ಳುತ್ತದೆ. ಸೋತ ಚಿತ್ರವು ಲೋಕಧರ್ಮಿಯ ಮಾತು ಕೊಟ್ಟು ನಡುವೆ ನಾಟ್ಯಧರ್ಮಿಯ ರಿಯಾಯಿತಿ ಕೇಳುತ್ತದೆ.

ಮೌನವೂ ಒಂದು ಅಭಿಪ್ರಾಯವೆಂಬುದನ್ನು ಇಲ್ಲಿ ಸೇರಿಸಬೇಕು. ಇಂದಿನ ಚಿತ್ರಗಳಲ್ಲಿ ಹಗ್ಗಗಳನ್ನು ಅಳಿಸುವುದು, ಜನಸಂದಣಿಯನ್ನು ಹೆಚ್ಚಿಸುವುದು, ಅರ್ಧ ಕಟ್ಟಿದ ಅರಮನೆಯನ್ನು ಪೂರ್ಣಗೊಳಿಸುವುದು ಮೊದಲಾದ ಕೆಲಸಗಳು ಗಣಕದಿಂದಲೇ ನಡೆಯುತ್ತವೆ. ಇವುಗಳ ಬಗ್ಗೆ ಯಾವ ಪ್ರೇಕ್ಷಕನೂ ಮಾತನಾಡುವುದಿಲ್ಲ. ಆ ಕೆಲಸ ಮಾಡಿದವರಿಗೆ ಅದಕ್ಕಿಂತ ಹೆಚ್ಚಿನ ಪ್ರಶಂಸೆಯಿಲ್ಲ. ಇದಕ್ಕೆ ವಿರುದ್ಧವಾಗಿ, ತಂತ್ರವೆಂದು ತಿಳಿದಿದ್ದರೂ ರುಚಿಸುವ ಸಂದರ್ಭಗಳೂ ಇವೆ. ಘಟೋತ್ಕಚನ ಊಟದ ದೃಶ್ಯದಲ್ಲಿ ಭಕ್ಷ್ಯಗಳು ಹಾರುವುದು ತಂತ್ರವೆಂದು ಬಲ್ಲವನೂ ನಗುತ್ತಾನೆ. ಹಾಸ್ಯದ ಆಶ್ರಯದಲ್ಲಿ ಉಪಾಯದ ಅರಿವು ವಿಘ್ನವಾಗುವುದಿಲ್ಲ. ಹೈದರಾಬಾದಿನ ಗೋಲ್ಡ್‌ಸ್ಟೋನ್ ಸಂಸ್ಥೆಯು ಗಣಕದ ನೆರವಿನಿಂದ ಬಣ್ಣ ತುಂಬಿದ ‘ಮಾಯಾಬಜಾರ್’ 2010ರ ಜನವರಿಯಲ್ಲಿ ಬಿಡುಗಡೆಯಾದಾಗ, ಅರ್ಧ ಶತಮಾನದ ಹಿಂದಿನ ಆ ದೃಶ್ಯಕ್ಕೆ ಹೊಸ ಪ್ರೇಕ್ಷಕರೂ ನಕ್ಕರು.

ಕನ್ನಡ ವಿದ್ಯಾರ್ಥಿಗಳು ಈ ಕ್ಷೇತ್ರದಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಬೀದರ, ಕಲಬುರಗಿ, ರಾಯಚೂರು, ನಾರಾಯಣಪೇಟೆ, ಹೈದರಾಬಾದುಗಳ ಕನ್ನಡ ಮಾತನಾಡುವ ಪ್ರೇಕ್ಷಕರಿಂದ ಅಭಿಪ್ರಾಯಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಚಿತ್ರವನ್ನು ಎಲ್ಲಿ, ಯಾವ ಭಾಷೆಯಲ್ಲಿ, ಎಂಥ ತೆರೆಯ ಮೇಲೆ ನೋಡಿದರೆಂಬುದನ್ನು ಗುರುತಿಸಬೇಕು. ಚಿತ್ರ ಮುಗಿದ ಕೂಡಲೇ ಹೇಳಿದ್ದನ್ನೂ ತಿಂಗಳ ಬಳಿಕ ಹೇಳಿದ್ದನ್ನೂ ಬೇರೆಬೇರೆಯಾಗಿ ಇಡಬೇಕು. ‘ಚೆನ್ನಾಗಿತ್ತೇ?’ ಎಂದು ಕೇಳುವುದಕ್ಕಿಂತ ‘ಎಲ್ಲಿ ನಂಬಿದಿರಿ, ಎಲ್ಲಿ ನಂಬಿಕೆ ತಪ್ಪಿತು?’ ಎಂದು ಕೇಳುವುದು ಹೆಚ್ಚು ಫಲಕಾರಿ. ಉತ್ತರದಲ್ಲಿ ಬರುವ ಕನ್ನಡ, ತೆಲುಗು, ದಖನಿ ಪದಗಳನ್ನು ತಿದ್ದದೆ ಹಾಗೆಯೇ ಉಳಿಸಿಕೊಳ್ಳಬೇಕು. ‘ಜೀವ ಇಲ್ಲ’, ‘ತೂಕ ಇಲ್ಲ’, ‘ಅಂಟಿಸಿದ ಹಾಗಿದೆ’ ಎಂಬಂಥ ಮಾತುಗಳು ನಮ್ಮ ಮುಂದಿನ ಚಲನಚಿತ್ರ ಮೀಮಾಂಸೆಯ ಪಾರಿಭಾಷಿಕ ಪದಗಳಾಗುವ ಯೋಗ್ಯತೆ ಪಡೆದಿವೆ. ಸಂಸ್ಕೃತದ ಏಳು ವಿಘ್ನಗಳು ನಮಗೆ ದಾರಿ ತೋರಿಸಲು ಸಾಕು. ಎಂಟನೆಯದೊಂದು ಇದ್ದರೆ ಅದನ್ನು ಹೇಳಿಕೊಡಬೇಕಾದವನು ಚಿತ್ರಮಂದಿರದ ಬಾಗಿಲಲ್ಲಿ ನಿಂತಿರುವ ಪ್ರೇಕ್ಷಕನೇ.